ಪಣಂಬೂರಿಗೂ ಬೋಳಾರಕ್ಕೂ ನಡುವೆ

ಮೈಸೂರಿನಿಂದ ಮಂಗಳೂರಿಗೆ ಒಂದು ರಾತ್ರಿಯ ದಾರಿ. ಊಟ ಮುಗಿಸಿ ಬಸ್ಸು ಹತ್ತಿದರೆ ಬೆಳಗಿನ ಕಾಫಿಗೆ ಮುಂಚೆ ಇಳಿಸುತ್ತಾರೆ. ನಾನೂ ನನ್ನ ಹೆಂಡತಿಯೂ ಈ ದಾರಿಯನ್ನು ಕ್ರಮಿಸಲು ಮೂವತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಂಡೆವು. ಅದೂ ನೇರವಾಗಿ ಬರದೆ, ಮೊದಲು ಮುಂಬಯಿಗೆ ಹೋಗಿ, ಅಲ್ಲಿ ಹಡಗು ಹತ್ತಿ, ಅರಬ್ಬೀ ಸಮುದ್ರದ ಕಡೆಯಿಂದ ಬಂದಿಳಿದೆವು. ಭೂಗೋಳದ ಮೇಷ್ಟ್ರು ಯಾರಾದರೂ ಕೇಳಿದರೆ ತಲೆ ಚಚ್ಚಿಕೊಂಡಾರು. ನಾನು ಇತಿಹಾಸದ ಮೇಷ್ಟ್ರಾಗಿದ್ದವನು. ಇದಕ್ಕಿಂತ ದೊಡ್ಡ ಸುತ್ತುಗಳನ್ನು ಮಕ್ಕಳಿಗೆ ನಕ್ಷೆ ಸಮೇತ ಪಾಠ ಮಾಡಿದ್ದೇನೆ.

ಹಡಗಿನ ಟಿಕೆಟ್ಟು ನಮ್ಮ ಮಗಳ ಉಡುಗೊರೆ. ಮುಂಬಯಿಯಿಂದ ಕೊಚ್ಚಿಗೆ ಹೋಗುವ ಹಡಗು, ನಡುವೆ ಮಂಗಳೂರಿನಲ್ಲಿ ಒಂದು ಹಗಲು ನಿಲ್ಲುತ್ತದೆ. ಸಮುದ್ರಯಾನ ಕೂಡದು ಎಂದು ನಮ್ಮ ಹಿರಿಯರು ವಿಧಿಸಿದ್ದರಲ್ಲ, ಅದಕ್ಕೆ ಧರ್ಮಶಾಸ್ತ್ರ ಕಾರಣವೆಂದು ನಾನು ವೃತ್ತಿಯುದ್ದಕ್ಕೂ ಬೋಧಿಸಿದ್ದೆ. ಹಡಗಿನ ಊಟದ ಹಜಾರದಲ್ಲಿ ಎರಡು ಹೊತ್ತು ಕಳೆದ ಮೇಲೆ ಅಭಿಪ್ರಾಯ ಬದಲಾಯಿತು. ನೂರಾರು ಜನ ತಟ್ಟೆ ಹಿಡಿದು ಒಂದೇ ದಿಕ್ಕಿಗೆ ನುಗ್ಗುವ ಆ ದೃಶ್ಯವನ್ನು ಹಿರಿಯರು ದಿವ್ಯದೃಷ್ಟಿಯಿಂದ ಮೊದಲೇ ಕಂಡಿರಬೇಕು.

ನನ್ನ ಹೆಂಡತಿಗೆ ಊಟದ ಹಜಾರ, ಸಮುದ್ರ, ಸೂರ್ಯಾಸ್ತ ಯಾವುದೂ ಲಕ್ಷ್ಯಕ್ಕೆ ಬರಲಿಲ್ಲ. ಅವಳು ಈ ಪ್ರಯಾಣಕ್ಕೆ ಒಪ್ಪಿದ್ದೇ ಮಂಗಳೂರಿನ ಆ ಒಂದು ಹಗಲಿಗಾಗಿ.

ಮಗಳು ಹುಟ್ಟುವ ಕಾಲಕ್ಕೆ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಮಂಗಳೂರಿನ ಒಬ್ಬ ನರ್ಸ್ ಬಾಡಿಗೆಗಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತ ಮನೆತನದವರು. ಬೀದಿಗೆಲ್ಲ ಅವರು ಸಿಸ್ಟರ್. ನನ್ನ ಹೆಂಡತಿಗೆ ತಾಯಿ ಇರಲಿಲ್ಲ. ನನ್ನ ತಾಯಿಗೆ ಬಾಣಂತನದ ವಿಷಯದಲ್ಲಿ ಅಭಿಪ್ರಾಯಗಳು ಬೇಕಾದಷ್ಟಿದ್ದವು, ಸೊಂಟದಲ್ಲಿ ಶಕ್ತಿ ಇರಲಿಲ್ಲ. ಹಾಗಾಗಿ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ನೀರು ಕಾಯಿಸಿ, ಮಗುವಿಗೆ ಎಣ್ಣೆ ತಿಕ್ಕಿ, ಬಾಣಂತಿಯನ್ನು ಗದರಿಸಿ ಉಣ್ಣಿಸಿದವರು ಸಿಸ್ಟರ್. ವಯಸ್ಸಿನಲ್ಲಿ ತಾವೇ ಸ್ವಲ್ಪ ದೊಡ್ಡವರಾದರೂ ಅವರು ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದರು, ಇವಳು ಅವರನ್ನು ಸಿಸ್ಟರ್ ಎನ್ನುತ್ತಿದ್ದಳು. ಒಟ್ಟಿನಲ್ಲಿ ಎರಡು ಭಾಷೆಗಳಲ್ಲಿ ಒಂದೇ ಸಂಬಂಧ.

ಮಗಳು ನಡೆಯಲು ಕಲಿಯುವಷ್ಟರಲ್ಲಿ ಸಿಸ್ಟರ್ ಕುವೈತಿಗೆ ಹೋದರು. ಆಮೇಲೆ ಭೇಟಿ ಎನ್ನುವುದು ಆಗಲೇ ಇಲ್ಲ. ಅವರು ರಜೆಗೆ ಬಂದಾಗ ನನಗೆ ಪರೀಕ್ಷೆಯ ಮೌಲ್ಯಮಾಪನ. ನಮಗೆ ಬಿಡುವಾದಾಗ ಘಟ್ಟದ ರಸ್ತೆಯಲ್ಲಿ ಗುಡ್ಡ ಜರಿದಿರುತ್ತಿತ್ತು. ಆಮೇಲೆ ಮೊಣಕಾಲುಗಳು ಬಂದವು. ಆದರೆ ಭಾನುವಾರ ಸಂಜೆಯ ಫೋನು ಮಾತ್ರ ಯಾವ ರಾಜಕೀಯ ಬದಲಾವಣೆಗೂ ಜಗ್ಗದೆ ನಡೆದುಕೊಂಡು ಬಂತು.

ಸಿಸ್ಟರ್ ಕೆಲಸ ಬಿಟ್ಟು ಮಂಗಳೂರಿನ ಬೋಳಾರದ ತಮ್ಮ ಮನೆಗೆ ಬಂದು ನೆಲೆಸಿದ ಮೇಲೆ ಅವರ ಕಣ್ಣಿನ ಸುದ್ದಿ ಬಂತು. ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಸುತ್ತಲಿನದೆಲ್ಲ ಮಸುಕಾಗಿ, ನಡುವೆ ಒಂದು ಕಿಂಡಿಯಷ್ಟು ಉಳಿದಿತ್ತು. ಫೋನಿನಲ್ಲಿ ಮುಖ ನೋಡಿ ಮಾತಾಡಿ ಎಂದು ಮಗಳು ಒಂದೆರಡು ಸಲ ಏರ್ಪಾಟು ಮಾಡಿದಳು. ಅವರ ಕಿಂಡಿಗೆ ಆ ಸಣ್ಣ ಗಾಜು ಹೊಂದಲಿಲ್ಲ. ಸಾಲದ್ದಕ್ಕೆ ನನ್ನ ಹೆಂಡತಿ ಫೋನು ಹಿಡಿದ ಕೋನದಲ್ಲಿ ಕಾಣುತ್ತಿದ್ದದ್ದು ಅವಳ ಹಣೆ ಮತ್ತು ನಮ್ಮ ಮನೆಯ ಫ್ಯಾನು.

ಕೊನೆಗೆ ಒಂದು ಭಾನುವಾರ ಸಿಸ್ಟರ್ ಹೇಳಿದರು: “ಅಕ್ಕ, ಬರುವುದಿದ್ದರೆ ಈಗ ಬನ್ನಿ. ಮಳೆಗಾಲ ಕಳೆದ ಮೇಲೆ ಬಂದ್ರೆ ನಿಮ್ಮ ಸ್ವರ ಮಾತ್ರ ನನಗೆ ಸಿಗುವುದು.”

ಇಷ್ಟು ಹಿನ್ನೆಲೆಯಿಂದ, ಬಿಸಿಲು ಏರತೊಡಗಿದ್ದ ಒಂದು ಭಾನುವಾರ ಬೆಳಿಗ್ಗೆ, ನಮ್ಮ ಹಡಗು ಪಣಂಬೂರಿನ ಬಂದರಿಗೆ ಬಂದು ನಿಂತಿತು. ಸಂಜೆ ನಾಲ್ಕರೊಳಗೆ ಎಲ್ಲರೂ ಹಡಗಿನಲ್ಲಿರಬೇಕು, ಹಡಗು ಯಾರಿಗೂ ಕಾಯುವುದಿಲ್ಲ ಎಂದು ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಘೋಷಿಸಿತು. ಉಳಿದ ಪ್ರಯಾಣಿಕರು ಬಸ್ಸುಗಳಲ್ಲಿ ತುಂಬಿಕೊಂಡು ದೇವಸ್ಥಾನಕ್ಕೆ, ಗೋಡಂಬಿ ಕಾರ್ಖಾನೆಗೆ ಹೊರಟರು. ನಾವು ಒಳಗೇ ನಿಂತಿದ್ದ ಒಂದು ಟ್ಯಾಕ್ಸಿ ಹಿಡಿದೆವು. ನನ್ನ ಹೆಂಡತಿಯ ಮಡಿಲಲ್ಲಿ ಮೈಸೂರು ಪಾಕಿನ ಡಬ್ಬಿ. ಮೈಸೂರಿನಿಂದ ಹೊರಟು ಮುಂಬಯಿ ಕಂಡು ಬಂದ ಆ ಸಿಹಿ, ಪ್ರವಾಸದ ಅನುಭವದಲ್ಲಿ ನನಗೆ ಸಮನಾಗಿತ್ತು.

“ನಾವೇ ಮನೆಗೆ ಬರ್ತೀವಿ, ನೀವ್ಯಾರೂ ತೊಂದ್ರೆ ತಗೋಬೇಡಿ” ಎಂದು ನನ್ನ ಹೆಂಡತಿ ಹಿಂದಿನ ಭಾನುವಾರವೇ ಸಿಸ್ಟರಿಗೆ ಹೇಳಿದ್ದಳು. ಅವರು ಆಯ್ತು ಆಯ್ತು ಎಂದಿದ್ದರು. ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ. ಬರುವವರು ತಾವೇ ಬಂದು ಬಾಗಿಲು ತಟ್ಟುತ್ತಾರೆ, ಮನೆಯವರು ಬಾಗಿಲ ಹಿಂದೆ ಸಿದ್ಧವಾಗಿ ನಿಂತಿದ್ದು, ಸ್ವಲ್ಪ ಹೊತ್ತು ತಡೆದು ತೆಗೆದು, ಆಶ್ಚರ್ಯಪಡುತ್ತಾರೆ.

ಟ್ಯಾಕ್ಸಿಯ ಗಾಜು ಏರಿಸಿ, ತಂಪು ಹಾಕಿಕೊಂಡು, ಬಂದರಿನ ಗೇಟು ದಾಟಿದೆವು. ಕೂಳೂರಿನ ಸೇತುವೆಯ ಮೇಲೆ ಹೊಳೆ ಬೆಳ್ಳಗೆ ಹೊಳೆಯಿತು. ಕೊಟ್ಟಾರ ಚೌಕಿ, ಲಾಲ್‌ಬಾಗ್, ಹಂಪನಕಟ್ಟೆ ಎಂದು ಡ್ರೈವರು ಹೇಳುತ್ತಾ ಹೋದ. ಹತ್ತಿ ಇಳಿಯುವ ರಸ್ತೆಗಳ ಊರು. ಸಮತಟ್ಟು ಎನ್ನುವುದನ್ನು ಇಲ್ಲಿ ಯಾರೂ ಒಪ್ಪಿಕೊಂಡಿಲ್ಲ. ಈ ಊರಿಗೆ ಎಂತೆಂಥ ದೇಶದ ಹಡಗುಗಳು ಮೆಣಸಿಗಾಗಿ ಬಂದವು ಎಂಬುದನ್ನು ನಾನು ಹಿಂದಿನ ಸೀಟಿನಿಂದ ವಿವರಿಸಲು ತೊಡಗಿದೆ. ಡ್ರೈವರು ಗೌರವದಿಂದ ಕೇಳಿ, ಈಗ ಮೆಣಸಿಗೆ ಒಳ್ಳೆ ರೇಟು ಉಂಟು ಎಂದ. ಅಲ್ಲಿಗೆ ನನ್ನ ಉಪನ್ಯಾಸ ಮುಗಿಯಿತು.

ಮಂಗಳಾದೇವಿ ಗುಡಿಯ ಹತ್ತಿರ ತಿರುಗಿ, ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಸಿಸ್ಟರ ಮನೆ. ಹೆಂಚಿನ ಮಾಡು, ಗೇಟಿನ ಕಂಬದಲ್ಲಿ ಒಂದು ಪುಟ್ಟ ಶಿಲುಬೆ, ಕೆಂಪು ಕಲ್ಲಿನ ಮೆಟ್ಟಿಲು. ಬಾಗಿಲಿಗೆ ಬೀಗ.

ನನ್ನ ಹೆಂಡತಿ ಫೋನು ಮಾಡಿದಳು. ಬೀಗ ಹಾಕಿದ ಮನೆಯೊಳಗೆ ಅದು ಚೆನ್ನಾಗಿ ಬಾರಿಸಿತು. ನಿಂತಿತು. ಮತ್ತೆ ಮಾಡಿದಳು. ಮತ್ತೆ ಬಾರಿಸಿತು. ಸಂಪರ್ಕ ಸ್ಪಷ್ಟವಾಗಿತ್ತು, ಎತ್ತುವವರು ಮಾತ್ರ ಇರಲಿಲ್ಲ.

ಎದುರಿಗೆ ಒಂದು ದಿನಸಿ ಅಂಗಡಿ. ಬಿಳಿ ಟೋಪಿಯ ವಯಸ್ಸಾದ ಬ್ಯಾರಿ ಸಾಹೇಬರೊಬ್ಬರು ಅಕ್ಕಿಯ ಚೀಲದ ಹಿಂದಿನಿಂದ ಎದ್ದು ರಸ್ತೆಗೆ ಬಂದರು.

“ನೀವು ಹಡಗಿನವರಾ?”

ಹೌದೆಂದೆ.

“ಬಾಯಮ್ಮ ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೆ ಪಣಂಬೂರಿಗೆ ಹೋದದ್ದಲ್ಲವಾ? ಇಗರ್ಜಿಯಲ್ಲಿ ಪೂಜೆ ಮುಗಿಸಿ ಸೀದಾ ಅಲ್ಲಿಗೇ. ತಮ್ಮ, ತಮ್ಮನ ಹೆಂಡತಿ, ಎಲ್ಲರೂ. ನೀವು ಇಲ್ಲಿ ಎಂತ ಮಾಡ್ತಿದ್ದೀರಿ?”

ನಮ್ಮ ಸಿಸ್ಟರ್ ಈ ಓಣಿಗೆ ಬಾಯಮ್ಮ. ಆ ಮನೆಯ ಅತಿಥಿಗಳಾಗಿ ಬಂದ ನಾವು ಆ ಮನೆಯ ಮುಂದೆ ನಿಂತಿರುವುದಕ್ಕೆ ಸಮಜಾಯಿಷಿ ಕೊಡಬೇಕಾದ ಪ್ರಸಂಗ ಒದಗಿತು. ನಾವೇ ಬರುತ್ತೇವೆಂದು ಮೊದಲೇ ತಿಳಿಸಿದ್ದೆವು ಎಂದೆ.

“ಹಾಗೆ ಎಲ್ಲರೂ ಹೇಳ್ತಾರೆ” ಎಂದರು ಸಾಹೇಬರು.

ಕೂರಲು ಸ್ಟೂಲು ಕೊಟ್ಟು ಅವರು ಊರಿನ ಪದ್ಧತಿಯನ್ನು ನಮಗೆ ತಿಳಿಸಿಕೊಟ್ಟರು. ಇಲ್ಲಿ ಮನೆಗೊಬ್ಬರು ಗಲ್ಫಿನಲ್ಲಿರುತ್ತಾರೆ. ಹೊರಗಿನಿಂದ ಒಬ್ಬರು ಬರುತ್ತಾರೆಂದರೆ ಮನೆಯವರು, ನೆರೆಯವರು ಗಾಡಿ ಮಾಡಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಲೇಬೇಕು. ಬರುವವರು ಬೇಡ ಬೇಡ ಅನ್ನುತ್ತಾರೆ, ಅನ್ನಲೇಬೇಕು, ಅದು ಮರ್ಯಾದೆ. ಹೋಗುವವರು ಅದನ್ನು ಕೇಳಬಾರದು, ಅದೂ ಮರ್ಯಾದೆ. ಸಾಹೇಬರು ಸ್ವತಃ ದಮ್ಮಾಮಿನಲ್ಲಿ ಬಹಳ ವರ್ಷ ಇದ್ದವರು. ಒಂದೇ ಒಂದು ಸಲ, ಮಳೆಯಲ್ಲಿ ರಸ್ತೆ ಮುಚ್ಚಿ, ಅವರನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲವಂತೆ. ಪೆಟ್ಟಿಗೆಗಳ ಮೇಲೆ ಒಬ್ಬರೇ ಕೂತಿದ್ದ ಆ ಬೆಳಗನ್ನು ಹೇಳುವಾಗ ಅವರ ಸ್ವರ ಇಳಿಯಿತು. ಹಡಗಾದರೇನು, ವಿಮಾನವಾದರೇನು, ಮೂವತ್ತು ವರ್ಷದ ಮೇಲೆ ಬರುವವರನ್ನು ಬಾಯಮ್ಮ ಮನೆಯಲ್ಲಿ ಕೂತು ಕಾಯುವವರಲ್ಲ ಎಂದರು.

ತಮ್ಮನ ಫೋನಿಗೆ ಸಾಹೇಬರೇ ಮಾಡಿ ನೋಡಿದರು. ಎತ್ತಲಿಲ್ಲ. ಚರ್ಚಿನ ಪೂಜೆಗೆ ಹೋಗುವಾಗ ಸದ್ದು ನಿಲ್ಲಿಸಿ ಮರೆತಿರಬೇಕು. ಸಿಸ್ಟರು ಇಗರ್ಜಿಗೆ ಫೋನು ಒಯ್ಯುವವರಲ್ಲ. ಅದು ಒಳಗೆ ಮೇಜಿನ ಮೇಲೆ ನಮ್ಮ ಕರೆಗಳನ್ನು ಕೇಳಿಸಿಕೊಳ್ಳುತ್ತಾ ಇತ್ತು.

ಇಲ್ಲೇ ಕಾಯೋಣ ಎಂದಳು ನನ್ನ ಹೆಂಡತಿ.

ಕಾಯುವುದು ನನ್ನ ಜಾತಕದಲ್ಲಿ ಇಲ್ಲ. ರೈಲು ಬರುವ ಒಂದು ಗಂಟೆ ಮೊದಲು ಪ್ಲಾಟ್‌ಫಾರಮಿನ ಈ ತುದಿಯಿಂದ ಆ ತುದಿಗೆ ನಡೆಯುವವನು ನಾನು. ಗೇಟಿನಲ್ಲಿ ಆ ಬಿಸಿಲಿಗೆ, ಆ ಕಣ್ಣಿಟ್ಟುಕೊಂಡು ಅವರು ನಿಂತಿರುವಾಗ ನಾವಿಲ್ಲಿ ನೆರಳಿನಲ್ಲಿ ಕೂರುವುದು ನ್ಯಾಯವೇ ಎಂದು ಕೇಳಿದೆ. ಪ್ರಶ್ನೆ ಧರ್ಮದ್ದಾಗಿತ್ತು, ಕಾರಣ ನನ್ನ ಕಾಲಿನದ್ದು. ನಮ್ಮ ನಂಬರನ್ನು ಸಾಹೇಬರಿಗೆ ಕೊಟ್ಟು ಟ್ಯಾಕ್ಸಿ ಹತ್ತಿದೆವು.

“ಎಂತ ಸರ್, ಪುನಃ ಬಂದರಿಗಾ?” ಎಂದ ಡ್ರೈವರು. ಮಂಗಳೂರು ಇಷ್ಟು ಬೇಗ ಮುಗಿಯಿತೇ ಎಂಬ ಸಣ್ಣ ನೋವು ಆ ಸ್ವರದಲ್ಲಿತ್ತು.

ಹಂಪನಕಟ್ಟೆ, ಲಾಲ್‌ಬಾಗ್, ಕೊಟ್ಟಾರ ಚೌಕಿ. ಹೆಸರುಗಳು ಈಗ ಹಿಂದುಮುಂದಾಗಿ ಬಂದವು. ಸಿಸ್ಟರ ತಮ್ಮನ ಗಾಡಿ ಬಿಳಿ ಓಮ್ನಿ ಎಂದು ಸಾಹೇಬರು ಹೇಳಿದ್ದರು. ಎದುರು ಬರುವ ವಾಹನಗಳನ್ನು ನಾನು ಎಡಗಡೆಯಿಂದ, ನನ್ನ ಹೆಂಡತಿ ಬಲಗಡೆಯಿಂದ ತಪಾಸಣೆ ಮಾಡಿದೆವು. ಈ ಊರಿನ ಅರ್ಧ ಜನ ಬಿಳಿ ಓಮ್ನಿಯಲ್ಲಿ ಓಡಾಡುತ್ತಾರೆ.

ಬಂದರಿನ ಗೇಟಿನಲ್ಲಿ ಸಿಸ್ಟರ ಕಡೆಯವರು ಯಾರೂ ಇರಲಿಲ್ಲ. ಕಾವಲಿನವರನ್ನು ನನ್ನ ಹಿಂದಿಯಲ್ಲಿ ವಿಚಾರಿಸಿದೆ. ಕಪ್ಪು ಕನ್ನಡಕದ ಒಬ್ಬ ಹೆಂಗಸು ಹೊರಬರುವ ಪ್ರತಿ ಬಸ್ಸಿನ ಹತ್ತಿರ ಹೋಗಿ, ಇಳಿದವರ, ಕೂತವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದರಂತೆ. ಅರ್ಧ ಗಂಟೆಯ ಹಿಂದೆ ಹೊರಟುಹೋದರು ಎಂದರು. ನಮ್ಮ ಟ್ಯಾಕ್ಸಿ ಇದೇ ಗೇಟಿನಿಂದ ಗಾಜು ಏರಿಸಿಕೊಂಡು ಹೊರಬಿದ್ದಾಗ ಅವರು ಇನ್ನೂ ಪೂಜೆಯಲ್ಲಿದ್ದರೋ, ಬಸ್ಸೊಂದರ ಮುಂದೆ ನಿಂತಿದ್ದರೋ, ಅದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಅಷ್ಟರಲ್ಲಿ ಸಾಹೇಬರ ಫೋನು ಬಂತು. ಅವರೆಲ್ಲ ಮನೆಗೆ ಬಂದು ಮುಟ್ಟಿದ್ದಾರೆ, ನೀವು ಗೇಟಿನಲ್ಲಿದ್ದೀರೆಂದು ಹೇಳಿದ್ದೇನೆ ಎಂದರು. ಮುಂದಕ್ಕೂ ಏನೋ ಹೇಳುವವರಿದ್ದರು. ನಾನು ಧನ್ಯವಾದ ಹೇಳಿ ಇಟ್ಟು, ಡ್ರೈವರನ ಕಡೆ ನೋಡಿದೆ. ಅವನು ಆಗಲೇ ಗಾಡಿ ತಿರುಗಿಸಿಕೊಂಡಿದ್ದ. ನನ್ನ ಸ್ವಭಾವ ಅವನಿಗೆ ಅರ್ಥವಾಗತೊಡಗಿತ್ತು.

ಈ ಸಲ ಅವನು ಪಟ್ಟಣದಲ್ಲಿ ಬೇರೆ ರಸ್ತೆಗಳನ್ನು ಹಿಡಿದ. ಕಂಕನಾಡಿ ಬಂತು, ಅತ್ತಾವರ ಬಂತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಬೆಳೆದ ಬೀದಿಗಳು, ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಐಸ್‌ಕ್ರೀಮಿನ ಅಂಗಡಿ ಮುಂದೆ ನಿಂತ ಹುಡುಗಿಯರು. ಸಿಸ್ಟರ ಕಣ್ಣಿನ ಆಪರೇಶನ್ ಇಲ್ಲೇ ಎಲ್ಲೋ ಆದದ್ದು ಎಂದಳು ನನ್ನ ಹೆಂಡತಿ. ಬೆಳಗಿನಿಂದ ಅವಳು ಆಡಿದ ಮಾತುಗಳು ಹೆಚ್ಚಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ತೆಗೆದು ಮುಚ್ಚಿ ಮಾಡುತ್ತಿದ್ದಳು. ಬಿಸಿಲಿಗೆ ಮೈಸೂರು ಪಾಕ್ ಬೆವರಿತ್ತು.

ನಾನು ಗಡಿಯಾರ ನೋಡಿದೆ. ಹಗಲು ಅರ್ಧಕ್ಕಿಂತ ಹೆಚ್ಚು ಖರ್ಚಾಗಿತ್ತು. ಈ ಊರಿನಲ್ಲಿ ನೋಡಬೇಕೆಂದು ನಾನು ಓದಿಕೊಂಡು ಬಂದಿದ್ದ ಕೋಟೆಯ ಬುರುಜು, ಹಳೇ ಬಂದರು, ದೀಪಸ್ತಂಭ ಯಾವುದನ್ನೂ ನೋಡಿರಲಿಲ್ಲ. ಕೂಳೂರಿನ ಸೇತುವೆಯ ಬಗ್ಗೆ ಮಾತ್ರ ಒಂದು ಪ್ರೌಢ ಪ್ರಬಂಧ ಬರೆಯಬಲ್ಲವನಾಗಿದ್ದೆ.

ಓಣಿಗೆ ತಿರುಗಿದಾಗ ಸಾಹೇಬರು ರಸ್ತೆಯ ನಡುವೆಯೇ ನಿಂತಿದ್ದರು. ಅವರ ನಿಲುವಿನಿಂದಲೇ ವಿಷಯ ಗೊತ್ತಾಯಿತು. ಬಾಗಿಲ ಕಡೆ ನೋಡಿದೆ. ಬೀಗ.

“ನಾನು ಹೇಳಿದೆ, ಮಾರಾಯ್ರೆ, ಹೋಗ್ಬೇಡಿ ಅಂತ” ಎಂದರು ಸಾಹೇಬರು. “ಕೇಳ್ಬೇಕಲ್ಲ. ವಯಸ್ಸಾದವರು ಗೇಟಿನಲ್ಲಿ ನಿಂತಿದ್ದಾರೆ, ಅವರು ಪುನಃ ಟ್ಯಾಕ್ಸಿ ಮಾಡಿ ಬರುವುದಾ, ನಮಗೆ ಮರ್ಯಾದೆ ಉಂಟಾ ಅಂತ ಬಾಯಮ್ಮ ಗಾಡಿಯಿಂದ ಇಳಿಯಲೇ ಇಲ್ಲ. ನಿಮಗೆ ಅದನ್ನೇ ಹೇಳ್ಲಿಕ್ಕೆ ಹೊರಟದ್ದು, ನೀವು ಫೋನು ಇಟ್ಟಿರಿ.”

ಎರಡು ಮರ್ಯಾದಸ್ಥ ಕುಟುಂಬಗಳು ಒಂದನ್ನೊಂದು ಗೌರವಿಸುತ್ತಾ ಪಟ್ಟಣದ ಉದ್ದಗಲ ಅಲೆಯುತ್ತಿದ್ದವು. ಇದಕ್ಕಿಂತ ದ್ವೇಷ ಎಷ್ಟೋ ಅನುಕೂಲ, ದ್ವೇಷಿಸುವವರು ತಮ್ಮ ತಮ್ಮ ಮನೆಯಲ್ಲಿರುತ್ತಾರೆ. ಮುಂದಿನ ನಡೆ ನನಗೆ ಸ್ಪಷ್ಟವಾಗಿತ್ತು. ಕೂಡಲೇ ಹೊರಟರೆ ಕೂಳೂರಿನ ಆಚೆ ಅವರನ್ನು ಹಿಡಿಯಬಹುದು. ಹೇಗೂ ನಾವು ನಾಲ್ಕಕ್ಕೆ ಹಡಗಿಗೆ ಹೋಗಲೇಬೇಕು. ಗೇಟಿನಲ್ಲೇ ಹತ್ತು ನಿಮಿಷ ಭೇಟಿಯಾದರೂ ಆಯಿತು. ಇದನ್ನೆಲ್ಲ ನಾನು ಕಾರಣ, ಪರಿಣಾಮಗಳ ಸಮೇತ ಮಂಡಿಸುತ್ತಿದ್ದಾಗ ನನ್ನ ಹೆಂಡತಿ ಟ್ಯಾಕ್ಸಿಯಿಂದ ಇಳಿದು, ಗೇಟು ತೆಗೆದು, ಕೆಂಪು ಕಲ್ಲಿನ ಮೆಟ್ಟಿಲ ಮೇಲೆ ಕೂತಳು. ಡಬ್ಬಿಯನ್ನು ಪಕ್ಕದಲ್ಲಿಟ್ಟಳು.

“ನಾಲ್ಕಕ್ಕೆ ಹಡಗು” ಎಂದೆ.

“ನಾಲ್ಕು ದಿನಾ ಬರುತ್ತೆ ಕಣ್ರೀ” ಎಂದಳು.

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ನನ್ನ ಅವಸರದ ಹಿಂದೆ ಓಡಿಬಂದಿದ್ದಾಳೆ. ಬಸ್ ನಿಲ್ದಾಣಗಳಲ್ಲಿ, ಮದುವೆ ಮನೆಗಳಲ್ಲಿ, ಊಟ ಅರ್ಧ ಬಿಟ್ಟು. ಕೂತದ್ದನ್ನು ನಾನು ನೋಡಿರಲಿಲ್ಲ. ಡ್ರೈವರು ಎಂಜಿನ್ ಆರಿಸಿದ.

ಸಾಹೇಬರು ಇನ್ನೊಮ್ಮೆ ತಮ್ಮನಿಗೆ ಫೋನು ಮಾಡಿದರು. ಈ ಸಲ ಸದ್ದು ಬಂದಿತ್ತು, ಅವರು ಎತ್ತಿದರು. ತುಳುವಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನನ್ನ ಹೆಂಡತಿ ಕೈ ಚಾಚಿ ಫೋನು ತೆಗೆದುಕೊಂಡು, ಸಿಸ್ಟರಿಗೆ ಕೊಡಿ ಎಂದಳು.

“ಸಿಸ್ಟರ್, ನಾನು ನಿಮ್ಮ ಮನೆ ಮೆಟ್ಟಿಲ ಮೇಲೆ ಕೂತಿದೀನಿ. ಏಳಲ್ಲ. ನೀವೇ ಬನ್ನಿ.”

ಆ ಕಡೆಯಿಂದ ಏನು ಬಂತೋ ತಿಳಿಯದು. ಇವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಹೂಂ ಎಂದು ಫೋನು ಹಿಂತಿರುಗಿಸಿದಳು.

ಅವರು ಬರುವವರೆಗಿನ ಕಾಲವನ್ನು ನಾನು ಕಾಲ್ನಡಿಗೆಯಲ್ಲಿ ಕಳೆದೆ. ಸಾಹೇಬರು ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟರು, ನಿಂತೇ ಕುಡಿದೆ. ಓಣಿಯ ಕೊನೆಗೆ ಹೋಗಿ ಹೊಳೆ ನೋಡಿ ಬಂದೆ. ದಂಡೆಯಲ್ಲಿ ಒಂದು ದೋಣಿಯನ್ನು ಮಗುಚಿ ಹಾಕಿದ್ದರು. ಹಳೇ ಹೆಂಚಿನ ಕಾರ್ಖಾನೆಯ ಹೊಗೆಗೂಡಿನ ಮೇಲೆ ಒಂದು ಗಿಡ ಬೆಳೆದಿತ್ತು. ವಾಪಸು ಬಂದು ಗಡಿಯಾರ ನೋಡಿದರೆ ಅದು ಹಾಗೇ ಇದೆ. ಗುಡಿಯವರೆಗೆ ಹೋದೆ. ಮಧ್ಯಾಹ್ನದ ಬಾಗಿಲು ಹಾಕಿತ್ತು. ದೇವಿಯೂ ಸಿಗದ ದಿನ ಎಂದುಕೊಂಡು ತಿರುಗಿದೆ. ಇಲ್ಲಿ ಕೂತ್ಕೊಳ್ಳಿ ಸರ್, ನೀವು ನಡೆದ್ರೆ ಅವರು ಬೇಗ ಬರುವುದಿಲ್ಲ ಎಂದರು ಸಾಹೇಬರು. ನನ್ನ ಹೆಂಡತಿ ಮೆಟ್ಟಿಲ ಮೇಲೆ ಅಲುಗದೆ ಕೂತಿದ್ದಳು.

ಬಿಳಿ ಓಮ್ನಿ ಓಣಿಗೆ ತಿರುಗಿದ್ದು ಎರಡು ಹೊಡೆದು ಎಷ್ಟೋ ಹೊತ್ತಾದ ಮೇಲೆ. ಮೊದಲು ತಮ್ಮ ಇಳಿದರು, ದಪ್ಪ ಮೀಸೆಯ, ಇಗರ್ಜಿಯ ಇಸ್ತ್ರಿ ಷರಟು ಪೂರ್ತಿ ಒದ್ದೆಯಾದ ಮನುಷ್ಯ. ನನ್ನ ಕೈ ಹಿಡಿದು ಕ್ಷಮೆ ಕೇಳತೊಡಗಿದರು. ನಾನೂ ಕೇಳತೊಡಗಿದೆ. ಅವರ ಹೆಂಡತಿ ಬೀಗ ತೆಗೆಯಲು ಓಡಿದರು. ಕೊನೆಗೆ ಸಿಸ್ಟರು ಬಾಗಿಲು ಹಿಡಿದುಕೊಂಡು, ನೆಲವನ್ನು ಪಾದದಿಂದ ತಡವಿ ಇಳಿದರು. ತೆಳ್ಳಗಾಗಿದ್ದರು. ಕೂದಲು ಪೂರ್ತಿ ಬಿಳಿ. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

ನನ್ನ ಹೆಂಡತಿ ಎದ್ದು ಅವರ ಹತ್ತಿರ ಹೋದಳು. ಇನ್ನೇನು ತಬ್ಬಿಕೊಳ್ಳುತ್ತಾರೆ, ನಾನು ಬೇರೆ ಕಡೆ ನೋಡಬೇಕು ಎಂದು ಸಿದ್ಧನಾದೆ. ಸಿಸ್ಟರು ಅಂಗೈ ಎತ್ತಿ ತಡೆದರು.

“ಹಿಂದೆ ಹೋಗಿ ಅಕ್ಕ. ಹತ್ತಿರ ಬಂದ್ರೆ ನನಗೆ ನಿಮ್ಮ ಮೂಗು ಮಾತ್ರ ಕಾಣುವುದು.”

ನನ್ನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು.

“ಇನ್ನೂ.”

ಗೇಟಿನವರೆಗೆ ಹೋದಳು. ಈಗ ಮುಖ ಬಂತು, ಕಾಲು ಬರಲಿಲ್ಲ ಎಂದರು ಸಿಸ್ಟರು. ಇನ್ನೂ ಹೋಗಿ. ನನ್ನ ಹೆಂಡತಿ ಗೇಟು ದಾಟಿ, ರಸ್ತೆ ದಾಟಿ, ಸಾಹೇಬರ ಅಂಗಡಿಯ ಮುಂದೆ ಉರಿಬಿಸಿಲಿನಲ್ಲಿ ನಿಂತಳು. ಸೀರೆಯ ಸೆರಗು ಸರಿ ಮಾಡಿಕೊಂಡಳು. ಬೆಳಗಿನಿಂದ ಟ್ಯಾಕ್ಸಿಯಲ್ಲಿ ಕೂತು ಮುದುಡಿದ ನಿರಿಗೆಯನ್ನು ಒಮ್ಮೆ ಬಡಿದಳು. ಒಬ್ಬ ಸ್ಕೂಟರಿನವನು ನಡುವೆ ಬಂದ. ಸಾಹೇಬರು ಕೈ ಅಡ್ಡ ಹಾಕಿ ಅವನನ್ನು ನಿಲ್ಲಿಸಿದರು. ಅವನು ಏನೂ ಕೇಳದೆ ನಿಂತ.

ಸಿಸ್ಟರು ತಲೆಯನ್ನು ಸ್ವಲ್ಪ ಓರೆ ಮಾಡಿ, ಆ ಒಂದು ಕಣ್ಣಿನ ಕಿಂಡಿಯನ್ನು ಹೊಂದಿಸಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

“ಈಗ ಪೂರಾ ಬಂದಿರಿ” ಎಂದರು. ಆಮೇಲೆ, “ದಪ್ಪ ಆಗಿದ್ದೀರಿ ಮಾರಾಯ್ರೆ” ಎಂದರು.

ನನ್ನ ಹೆಂಡತಿ ರಸ್ತೆಯ ಆ ಬದಿಯಲ್ಲಿ ನಿಂತು ನಗುತ್ತಾ ಅಳತೊಡಗಿದಳು. ಅಳುವುದು ಸಿಸ್ಟರಿಗೆ ಕಾಣದಿರಲೆಂದು ಮುಖ ತಿರುಗಿಸಿದಳು. ಮುಖ ತಿರುಗಿಸಬೇಡಿ, ಅದಕ್ಕೆ ತಾನೇ ಕರೆದದ್ದು ಎಂದು ಸಿಸ್ಟರು ಗದರಿದರು. ಬಾಣಂತನದ ಕಾಲದ ಗದರಿಕೆ, ಸ್ವಲ್ಪವೂ ಕುಗ್ಗಿರಲಿಲ್ಲ.

ಟ್ಯಾಕ್ಸಿಗೆ ಹಣ ಕೊಟ್ಟು ಕಳುಹಿಸಿ, ಒಳಗೆ ಹೋಗಿ ಊಟಕ್ಕೆ ಕೂತೆವು. ಬೆಳಗ್ಗೆಯೇ ಮಾಡಿಟ್ಟ ಅಡುಗೆಯನ್ನು ತಮ್ಮನ ಹೆಂಡತಿ ಬಿಸಿ ಮಾಡಿ ಬಡಿಸಿದರು. ನಮಗಾಗಿ ಮೀನಿಲ್ಲದೆ ಮಾಡಿದ್ದರು. ಭಾನುವಾರ ಮೀನಿಲ್ಲದ ಊಟವನ್ನು ಸಿಸ್ಟರ ತಮ್ಮ ಹುತಾತ್ಮನ ಮುಖದಿಂದ ಉಂಡರು. ನಾನು ತಟ್ಟೆಯನ್ನೂ ಗಡಿಯಾರವನ್ನೂ ಸರದಿಯಂತೆ ನೋಡುತ್ತಿದ್ದೆ. ಈಗಲೇ ಹೊರಟರೆ ಸರಿಯಾಗುತ್ತದೆ ಎಂದು ತಮ್ಮನೇ ಹೇಳಿದರು. ಗಾಡಿಯಲ್ಲಿ ಎಲ್ಲರೂ ಬಂದು ಬೀಳ್ಕೊಡುತ್ತೇವೆ ಎಂದರು. ಬೇಡ ಎನ್ನಬಾರದೆಂಬ ಜ್ಞಾನ ನನಗೆ ಅಷ್ಟರಲ್ಲಿ ಬಂದಿತ್ತು.

ನನ್ನ ಹೆಂಡತಿ ಸಿಸ್ಟರ ಎದುರು ಕೂತಿದ್ದಳು. ಮುಖ ಕಾಣ್ತಾ ಇದೆಯಾ ಈಗ ಎಂದು ಕೇಳಿದಳು.

“ಈಗ ಇಲ್ಲ ಅಕ್ಕ” ಎಂದರು ಸಿಸ್ಟರು, ಅನ್ನ ಕಲಸುತ್ತಾ. “ಬೆಳಿಗ್ಗೆ ನನಗೆ ಚಂದ ಕಾಣ್ತದೆ. ಹೊತ್ತು ಹೋದ ಹಾಗೆ ಕಣ್ಣು ಸೋಲ್ತದೆ. ಇವತ್ತು ಗೇಟಿನಲ್ಲಿ ಊರವರ ಮುಖ ಎಲ್ಲ ನೋಡಿ ನೋಡಿ ಮುಗಿಸಿದೆ. ಇಲ್ಲದಿದ್ರೆ ಇನ್ನು ಸ್ವಲ್ಪ ನೋಡ್ಬಹುದಿತ್ತು. ಪರವಾಗಿಲ್ಲ. ನೋಡಿ ಆಯ್ತಲ್ಲ.”

ನನ್ನ ಹೆಂಡತಿ ಕೈ ತೊಳೆದುಕೊಂಡು ಬಂದು, ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನ ಮುಂದೆ ನಿಂತಳು.

“ನೀವು ಹೋಗಿ ಪೆಟ್ಟಿಗೆ ಇಳಿಸ್ಕೊಂಡು ಬನ್ನಿ. ನಾಳೆ ಬೆಳಿಗ್ಗೆ ನಾನಿಲ್ಲಿರಬೇಕು.”

ಹಡಗು, ಕೊಚ್ಚಿ, ಮ್ಯಾಟಿನಿ ಜಾದೂ ಪ್ರದರ್ಶನ, ಮಗಳ ಉಡುಗೊರೆ, ಇವೆಲ್ಲವುಗಳ ಪರವಾಗಿ ನಾನು ಒಂದು ವಾದ ಹೂಡಬಹುದಿತ್ತು. ಹೂಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ.

ಸಿಸ್ಟರ ತಮ್ಮ ಓಮ್ನಿಯನ್ನು ಓಡಿಸಿದ ರೀತಿಯ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಹಡಗಿನ ವಿಚಾರಣೆಯ ಮೇಜಿನಲ್ಲಿ ನಗುನಗುತ್ತಾ ಕೂತಿದ್ದ ಹುಡುಗಿಗೆ, ನಾವು ಇಲ್ಲಿಯೇ ಇಳಿಯುತ್ತೇವೆ ಎಂದೆ. ಊಟ ಹಿಡಿಸಲಿಲ್ಲವೇ ಎಂದು ಕೇಳಿದಳು. ಹಿರಿಯ ಅಧಿಕಾರಿಯನ್ನು ಕರೆಸಿದಳು. ಅವರು ಇನ್ನೊಬ್ಬರನ್ನು ಕರೆಸಿದರು. ಅವರ ಯಾತ್ರೆಯಲ್ಲಿ ಹೀಗೆ ಅರ್ಧದಲ್ಲಿ ಇಳಿಯುವವರು ಕಾಯಿಲೆಯವರು ಮಾತ್ರವಂತೆ. ಕಾಯಿಲೆ ಹೌದೇ ಎಂದರು. ಹೌದು, ಕಣ್ಣಿನದು ಎಂದೆ. ನನ್ನ ಕಣ್ಣುಗಳನ್ನು ಸಂಶಯದಿಂದ ನೋಡಿ ಒಪ್ಪಿದರು. ಕ್ಯಾಬಿನ್ನಿನಲ್ಲಿ ಹೆಂಡತಿಯ ಸೀರೆಗಳನ್ನು ಹೇಗೆ ಮಡಿಸುವುದೆಂದು ತಿಳಿಯದೆ ಉಂಡೆ ಕಟ್ಟಿ ತುರುಕಿದೆ. ನಾನು ಇಳಿದ ಮೇಲೆ ಅವರು ಹಡಗಿನ ಏಣಿಯನ್ನು ಮೇಲೆತ್ತಿದರು.

ಮಾರನೆಯ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬೀಳುವ ಹೊತ್ತಿಗೆ, ಸಿಸ್ಟರು ಕುರ್ಚಿ ಹಾಕಿಸಿಕೊಂಡು ಕೂತರು. ನನ್ನ ಹೆಂಡತಿ ದೂರದಲ್ಲಿ ಬಟ್ಟೆ ಒಣಹಾಕಿದಳು, ಗಿಡಕ್ಕೆ ನೀರು ಹಾಕಿದಳು, ಸಾಹೇಬರ ಅಂಗಡಿಗೆ ಹೋಗಿ ಉಪ್ಪು ತಂದಳು. ಉಪ್ಪು ಮನೆಯಲ್ಲಿ ಬೇಕಾದಷ್ಟಿತ್ತು. ಸಿಸ್ಟರು ನೋಡುತ್ತಿದ್ದರು. ನಾನು ಹೊಳೆಯವರೆಗೆ ಹೋಗುವುದು ಬರುವುದು ಮಾಡುತ್ತಿದ್ದೆ. ನಿಮ್ಮ ಯಜಮಾನರು ಬದಲಾಗಲಿಲ್ಲ ಅಕ್ಕ, ಕಿಂಡಿಯಲ್ಲಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗ್ತಾರೆ, ನಿಲ್ಲುವುದೇ ಇಲ್ಲ ಎಂದು ಅವರು ಹೇಳಿದ್ದು ನನಗೆ ಕೇಳಿಸಿತು. ಆ ವಾರದ ಕೊನೆಯವರೆಗೆ ಇದ್ದು, ರಾತ್ರಿಯ ಬಸ್ಸಿಗೆ ಮೈಸೂರಿಗೆ ಬಂದೆವು. ಬೆಳಗಿನ ಕಾಫಿಗೆ ಮುಂಚೆ ಇಳಿಸಿದರು.

ಆ ಸಲದ ಮಳೆಗಾಲ ಮುಗಿಯುವಷ್ಟರಲ್ಲಿ ಉಳಿದದ್ದೂ ಮುಚ್ಚಿಹೋಯಿತು. ಸಿಸ್ಟರೇ ಫೋನಿನಲ್ಲಿ ಹೇಳಿದರು, ಸಕ್ಕರೆ ಮುಗಿಯಿತು ಎಂಬಷ್ಟು ಸಾಮಾನ್ಯವಾಗಿ. ಭಾನುವಾರದ ಫೋನು ನಡೆಯುತ್ತಿದೆ. ಈಗ ಅವರು ಮೊದಲು ಕೇಳುವುದು, ಅಕ್ಕ ಯಾವ ಸೀರೆ ಉಟ್ಟಿದ್ದೀರಿ ಎಂದು. ನನ್ನ ಹೆಂಡತಿ ನೈಟಿಯಲ್ಲಿ, ತಲೆ ಕೂಡ ಬಾಚದೆ, ಕಾಲು ಚಾಚಿ ಸೋಫಾದ ಮೇಲೆ ಕೂತಿರುತ್ತಾಳೆ. ನೀಲಿ ಸೀರೆ ಸಿಸ್ಟರ್, ಹಳದಿ ಅಂಚು ಎನ್ನುತ್ತಾಳೆ. ಆ ಬಣ್ಣ ನಿಮಗೆ ಒಪ್ಪುವುದಿಲ್ಲ ಎಂದು ಅವರು ಖಂಡತುಂಡವಾಗಿ ಹೇಳುತ್ತಾರೆ. ಆಮೇಲೆ ಅದರ ಮೇಲೆ ಇಬ್ಬರೂ ಬಹಳ ಹೊತ್ತು ಚರ್ಚಿಸುತ್ತಾರೆ. ನಾನು ಹಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ ಕೇಳಿಸಿಕೊಳ್ಳುತ್ತೇನೆ. ನೈಟಿಯ ವಿಷಯ ಎತ್ತುವುದಿಲ್ಲ.